ಮದರಂಗಿ ಇಲ್ಲದ ಅಂಗೈ

ಗಾಬೆಸ್ ಪೇಟೆಯ ಪಕ್ಕದ ನಮ್ಮ ಶೆನಿನಿ ಊರಿನಲ್ಲಿ ಮದರಂಗಿ ಗಿಡ ಯಾರ ತೋಟದಲ್ಲಿಲ್ಲ? ಮೇಲೆ ಖರ್ಜೂರ, ಅದರ ನೆರಳಿಗೆ ದಾಳಿಂಬೆ, ದಾಳಿಂಬೆಯ ಬುಡಕ್ಕೆ ಮದರಂಗಿ. ಎಲೆ ಎಲ್ಲರ ಹತ್ತಿರವೂ ಇದೆ, ಬೀಸುವುದಕ್ಕೂ ಕಲೆಸುವುದಕ್ಕೂ ಎಲ್ಲರಿಗೂ ಬರುತ್ತದೆ. ಹಾಗಿದ್ದರೂ ಹಬ್ಬ ಬಂತು, ಮದುವೆ ಬಂತು ಅಂದರೆ ಜನ ಹೋಗುತ್ತಿದ್ದದ್ದು ಸಾಲ್ಹಾಳ ಮನೆಗೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳು ಒರಳಲ್ಲಿ ಎಲೆ ಕುಟ್ಟಿದರೆ ನನ್ನ ಗೂಡಿನಲ್ಲಿಟ್ಟ ಲೋಟ ಅಲುಗುತ್ತದೆ.

ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಈ ಕೆಲಸ ಗೊತ್ತಿರಲಿಲ್ಲ. ಸಮುದ್ರದ ಕಡೆಯವಳು, ಮೀನು ಹೆಚ್ಚುವ ಕೈ. ಅವಳ ಅತ್ತೆಯೇ ಆಗ ಊರಿನ ಮದರಂಗಿಯವಳು. ಅತ್ತೆ ಬಾಯಿಬಿಟ್ಟು ಏನೂ ಹೇಳಿಕೊಡಲಿಲ್ಲ. ತಾನು ಕಲೆಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು, ಅಷ್ಟೆ. ಸಾಲ್ಹಾ ಸರಸರ ಕೈಯಾಡಿಸಿದರೆ ಬಟ್ಟಲು ಕಿತ್ತುಕೊಂಡು, ಅವಸರದ ಹೆಂಗಸು ಕಲೆಸಿದರೆ ಬಣ್ಣಕ್ಕೂ ನಾಚಿಕೆಯಾಗುತ್ತೆ ಅನ್ನುತ್ತಿದ್ದಳು. ಅತ್ತೆ ಹೋದ ಮೇಲೆ ಬಟ್ಟಲು ಸೊಸೆಯ ಕೈಗೆ ಬಂತು. ಮಕ್ಕಳಾಗಲಿಲ್ಲ. ಗಂಡ ಬೆಶೀರ್ ತೋಟ ನೋಡಿಕೊಳ್ಳುವವನು, ಎಲೆ ಕೊಯ್ದು ನೆರಳಲ್ಲಿ ಒಣಗಿಸಿ ತಂದು ಹಾಕುವುದು ಅವನ ಪಾಲು. ಊರಿನ ಮಕ್ಕಳಿಗೆಲ್ಲ ಅವಳು ಖಾಲ್ತಿ, ತಾಯಿಯ ತಂಗಿ ಇದ್ದ ಹಾಗೆ.

ಅವಳದು ಹೂಬಳ್ಳಿ ಬಿಡಿಸುವ ಕೆಲಸವಲ್ಲ. ಗಾಬೆಸ್ ಪೇಟೆಯ ಹುಡುಗಿಯರು ಕೊಳವೆ ಹಿಡಿದು ಬಿಡಿಸುತ್ತಾರಲ್ಲ, ಅದನ್ನು ಕಂಡರೆ ಸಾಲ್ಹಾ, ಅವರದು ಬರೆಯೋದು, ನಮ್ಮದು ಬಳಿಯೋದು ಅನ್ನುವಳು. ಅಂಗೈ ತುಂಬ ದಪ್ಪಗೆ ಮೆತ್ತುವುದು, ಬೆರಳ ತುದಿಗೆ ಟೊಪ್ಪಿ ಹಾಕಿದ ಹಾಗೆ ಮೆತ್ತುವುದು, ಅಂಗಾಲಿಗೆ ಹಿಮ್ಮಡಿಯವರೆಗೂ ಮೆತ್ತುವುದು. ಆಮೇಲೆ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಕಟ್ಟಿದರೆ ಬೆಳಗಾಗುವ ಹೊತ್ತಿಗೆ ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣ.

ಮಕ್ಕಳನ್ನು ಸುಮ್ಮನೆ ಕೂರಿಸುವುದಕ್ಕೆ ಅವಳಲ್ಲಿ ಒಂದು ಉಪಾಯವಿತ್ತು. ಬೀಜ ತೆಗೆದ ಮೆತ್ತನೆಯ ಖರ್ಜೂರಕ್ಕೆ ಚೂರು ಸೋಂಪು ಜಜ್ಜಿ ಹಾಕಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮಗುವಿನ ಬಾಯಿಗಿಡುತ್ತಿದ್ದಳು. ಮಗು ಅದನ್ನು ಚೀಪುತ್ತ ಮೈಮರೆಯುವಷ್ಟರಲ್ಲಿ ಎರಡು ಕೈ ಎರಡು ಕಾಲು ಮುಗಿದಿರುತ್ತಿತ್ತು. ಆಮೇಲೆ ಗಂಟು ಮುಂದಿನ ಮಗುವಿನ ಬಾಯಿಗೆ. ಅತ್ತೆಯೂ ಹಾಗೇ ಮಾಡುತ್ತಿದ್ದಳು. ನಾವೆಲ್ಲ ಆ ಗಂಟು ಚೀಪಿದವರೇ, ಚೀಪಿಸಿದವರೇ.

ಆ ವರ್ಷ ರಂಜಾನ್ ಹಬ್ಬ ಬಿರುಬೇಸಿಗೆಗೆ ಬಂದಿತ್ತು. ಎದುರು ಸಾಲಿನ ವಸೀಲಾಳ ಮಗಳು ಮುನೀರಾಗೆ ಬೇಸಿಗೆಯ ಕೊನೆಗೆ ಮದುವೆ ನಿಶ್ಚಯವಾಗಿತ್ತು. ಮದುಮಗಳ ಮದರಂಗಿ ಸಾಲ್ಹಾಳದೇ ಎಂದು ಮಾತಾಗಿತ್ತು. ವಸೀಲಾಳ ಮನೆಯೆಂದರೆ ದೊಡ್ಡ ಮನೆ, ದೊಡ್ಡ ಬಾಯಿ. ಅಲ್ಲಿ ಯಾರನ್ನು ಕರೆಯುತ್ತಾರೋ ಮಿಕ್ಕ ಮನೆಯವರೂ ಅವರನ್ನೇ ಕರೆಯುತ್ತಾರೆ. ಅಲ್ಲಿ ಬೇಡವಾದವರು ಎಲ್ಲೂ ಬೇಡ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಹಿಂದಿನ ವರ್ಷ ಪಕ್ಕದೂರಿನ ಒಬ್ಬ ಮದುಮಗಳಿಗೆ ಪೇಟೆಯ ಕರಿಪುಡಿ ಬೆರೆಸಿದ ಮದರಂಗಿ ಹಾಕಿ ಕೈಯೆಲ್ಲ ಬೊಬ್ಬೆ ಎದ್ದಿತ್ತು. ಬೇಗ ಕಪ್ಪಾಗಲಿ ಎಂದು ಕೂದಲಿಗೆ ಹಚ್ಚುವ ಬಣ್ಣದ ಪುಡಿ ಬೆರೆಸುತ್ತಾರೆ, ಅದು ಚರ್ಮ ಸುಡುತ್ತದೆ. ಪಾಪ, ಆ ಹುಡುಗಿ ಕೈಗವಸು ಹಾಕಿಕೊಂಡೇ ಗಂಡನ ಮನೆಗೆ ಹೋದಳು. ಈ ಕತೆ ಎಲ್ಲ ಮನೆಯ ಒಲೆಯ ಮುಂದೂ ನಡೆದಿತ್ತು. ಸಾಲ್ಹಾ ಆ ಪುಡಿಯನ್ನು ಹೊಸ್ತಿಲು ದಾಟಿಸಿದವಳಲ್ಲ. ಆದರೆ ಭಯ ಮಾತ್ರ ಊರೊಳಗೆ ಬಂದು ಕೂತಿತ್ತು.

ಹಬ್ಬದ ಹಿಂದಿನ ಮಧ್ಯಾಹ್ನ ಸಾಲ್ಹಾಳ ಅಂಗಳದಲ್ಲಿ ಚಾಪೆಯ ತುಂಬ ಮಕ್ಕಳು. ನಾನು ಬಟ್ಟೆ ಹರಿದು ಪಟ್ಟಿ ಮಾಡಿಕೊಡುತ್ತಿದ್ದೆ. ವಸೀಲಾ ತನ್ನ ಮೊಮ್ಮಗ ಇಯಾದ್‌ನನ್ನು ಕರೆತಂದಿದ್ದಳು. ಎರಡು ತುಂಬಿದ ಮಗು, ತಾಯಿ ಕೆಲಸಕ್ಕೆ ಹೋಗುವವಳು, ಅಜ್ಜಿಯ ಕಂಕುಳಲ್ಲೇ ಬೆಳೆದದ್ದು. ಹಬ್ಬಕ್ಕೆಂದು ಸ್ಫಾಕ್ಸ್ ಪಟ್ಟಣದಿಂದ ಬಂದಿದ್ದ ವಸೀಲಾಳ ಕಿರಿಯ ಸೊಸೆಯೂ ಮೊಲೆಗೂಸಿನ ಜೊತೆ ಬಂದಿದ್ದಳು. ಆ ಕೂಸಿಗೆ ಜೊಲ್ಲು ನಿಲ್ಲುತ್ತಿರಲಿಲ್ಲ. ಕುತ್ತಿಗೆ ಒದ್ದೆ, ಅಂಗಿ ಒದ್ದೆ. ಮೊಲೆ ಬಾಯಿಗಿಟ್ಟರೆ ಎರಡು ಸಲ ಎಳೆದು ಚೀರಿ ಬಿಟ್ಟುಬಿಡುತ್ತಿತ್ತು. ಮೈ ಬಿಸಿಯಾಗಿದೆಯಲ್ಲ ಎಂದು ಯಾರೋ ಕೇಳಿದಾಗ ವಸೀಲಾ, ಹಲ್ಲು ಬರ್ತಿದೆ, ನಿಮ್ಮ ಮಕ್ಕಳಿಗೆ ಹಲ್ಲು ಬಂದಿರಲಿಲ್ವಾ ಎಂದು ಬಾಯಿ ಮುಚ್ಚಿಸಿದಳು. ಸಾಲ್ಹಾ ಕೂಸಿನ ಅಂಗೈಗೆ ಶಕುನಕ್ಕೆಂದು ಒಂದು ಬೊಟ್ಟು ಇಟ್ಟು, ಬಾಯಿಗೆ ಗಂಟು ಕೊಟ್ಟಳು. ಕೂಸು ಚೀಪಿತು, ಅತ್ತಿತು, ಉಗುಳಿತು. ಅದಾದ ಮೇಲೆ ಇಯಾದ್ ಕೂತ. ಅವನ ಹಿಂದೆ ಮಿಕ್ಕವರು.

ಹಬ್ಬ ಚೆನ್ನಾಗಿಯೇ ಆಯಿತು. ಸ್ಫಾಕ್ಸ್‌ನ ಸೊಸೆ ತನ್ನ ಊರಿನ ಪದ್ಧತಿಯಂತೆ ಉಪ್ಪುಮೀನು ಬೇಯಿಸಿ, ಒಣದ್ರಾಕ್ಷಿ ಈರುಳ್ಳಿಯ ಗೊಜ್ಜು ಮಾಡಿ, ಒಂದು ಜಾಡಿ ಅತ್ತೆಗೆ ಬಿಟ್ಟು ಹೋದಳು.

ನೆಂಟರೆಲ್ಲ ಹೊರಟುಹೋದ ಮೇಲೆ ಇಯಾದ್‌ಗೆ ಜ್ವರ ಬಂತು. ಊಟ ಬೇಡ ಅಂದ. ಗೋಧಿ ರವೆಯ ಕುಸ್ಕುಸ್ ಬಾಯಿಗಿಟ್ಟರೆ ಉಗುಳಿದ, ನೀರು ಕೊಟ್ಟರೂ ಮುಖ ತಿರುಗಿಸಿದ. ಬಾಯಿ ತೆರೆಸಿ ನೋಡಿದರೆ ಒಳತುಟಿಯಲ್ಲಿ, ನಾಲಿಗೆಯ ಅಂಚಿನಲ್ಲಿ ಹುಣ್ಣು. ವಸೀಲಾ ಮೊದಲು ಸೊಸೆಯ ಗೊಜ್ಜಿನ ಮೇಲೆ ಹಾಕಿದಳು, ಎಳೇ ಮಗುವಿಗೆ ಅಂಥ ಹುಳಿಖಾರ ಯಾರಾದರೂ ತಿನ್ನಿಸುತ್ತಾರಾ ಅಂತ. ಹುಣ್ಣು ಸುಟ್ಟುಹೋಗಲೆಂದು ನಿಂಬೆರಸ ಸವರಿದಳು. ಮಗು ಕೂಗಿದ್ದು ನಮ್ಮ ಮನೆಗೆ ಕೇಳಿಸಿತು.

ಮಾರನೆಯ ದಿನ ಮೈಮೇಲೆ ಕೆಂಪು ಕಾಣಿಸಿತು. ಹಾಗೆ ಕಂಡರೆ ದಡಾರ ಅಂತ ತಿಳಿದು ಕೆಂಪು ಬಟ್ಟೆ ಹೊದಿಸಿ, ಬಾಗಿಲು ಮುಚ್ಚಿ, ನೀರು ಸೋಕಿಸದೆ ಮಲಗಿಸುವುದು ನಮ್ಮ ಕಡೆಯ ಪದ್ಧತಿ. ವಸೀಲಾಳೂ ಅದನ್ನೇ ಮಾಡಿದಳು. ಆದರೆ ಬಟ್ಟೆ ಬದಲಿಸುವಾಗ ನೋಡುತ್ತಾಳೆ, ಹೊಟ್ಟೆ ಶುದ್ಧ, ಬೆನ್ನು ಶುದ್ಧ, ಮುಖದಲ್ಲಿ ಬಾಯಿಯ ಸುತ್ತ ಬಿಟ್ಟರೆ ಏನಿಲ್ಲ. ಇರುವುದೆಲ್ಲ ಅಂಗೈಯಲ್ಲಿ, ಅಂಗಾಲಲ್ಲಿ. ಮದರಂಗಿಯ ಕೆಂಪಿನೊಳಗೆ ದಾಳಿಂಬೆ ಬೀಜದಷ್ಟು ಉದ್ದುದ್ದ ಬೊಕ್ಕೆ, ನಡುವೆ ಬೂದಿಬಣ್ಣ. ಮದರಂಗಿ ಎಲ್ಲೆಲ್ಲಿ ಬಳಿದಿತ್ತೋ ಅಲ್ಲಲ್ಲೇ.

ಮಗುವನ್ನು ಎತ್ತಿಕೊಂಡು ಅವಳು ಓಣಿಯ ನಡುವೆ ಬಂದು ನಿಂತಳು.

“ಸಾಲ್ಹಾ, ಈಚೆ ಬಾ. ನಿನ್ನ ಕೈಗುಣ ನೋಡ್ಕೋ.”

ಸಾಲ್ಹಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಮಗುವಿನ ಕೈ ಬಿಡಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಕರಿಪುಡಿ ನಾನು ಮನೆಗೆ ತರೋಳಲ್ಲ, ಅದು ನಿನಗೇ ಗೊತ್ತು ಅಂದಳು.

“ನನಗೆ ಗೊತ್ತಿದ್ದದ್ದು ಹಬ್ಬದವರೆಗೆ. ಹೊಟ್ಟೆ ಮೇಲೆ ಇದ್ಯಾ? ಬೆನ್ನ ಮೇಲೆ ಇದ್ಯಾ? ನೀನು ಎಲ್ಲಿ ಮೆತ್ತಿದ್ಯೋ ಅಲ್ಲೇ ಸುಟ್ಟಿದೆ. ಇನ್ನೇನು, ಆಕಾಶದಿಂದ ಇಳಿದು ಬಂದು ಸಾಕ್ಷಿ ಹೇಳಬೇಕಾ?”

ಬಾಯಲ್ಲೂ ಹುಣ್ಣಿದೆಯಲ್ಲ, ಬಾಯಿಗೆ ಯಾರು ಮದರಂಗಿ ಹಾಕಿದರು ಎಂದು ನಾನು ಕೇಳಿದೆ. ಅದಕ್ಕೂ ಉತ್ತರ ಸಿದ್ಧವಿತ್ತು. ಮಗು ಕೈ ನೆಕ್ಕಿದೆ, ವಿಷ ಬಾಯಿಗೆ ಹೋಗಿದೆ. ಅಷ್ಟರಲ್ಲಿ ಇನ್ನೂ ಇಬ್ಬರು ತಾಯಂದಿರು ತಮ್ಮ ಮಕ್ಕಳ ಕೈ ಹಿಡಿದುಕೊಂಡು ಬಂದಿದ್ದರು. ಅವರ ಮಕ್ಕಳಿಗೂ ಅದೇ ಬೊಕ್ಕೆ, ಅದೇ ಜಾಗ. ಎಲ್ಲರೂ ಹಬ್ಬದ ಹಿಂದಿನ ದಿನ ಅದೇ ಚಾಪೆಯ ಮೇಲೆ ಕೂತವರು. ವಸೀಲಾ ಹೋಗುವಾಗ ಒಂದೇ ಮಾತು ಹೇಳಿದಳು, ಮುನೀರಾ ನಿನ್ನ ಮುಂದೆ ಕೈ ಚಾಚಲ್ಲ, ನಾವು ಬೇರೆಯವರನ್ನ ನೋಡ್ಕೊತೀವಿ.

ಸಾಲ್ಹಾ ಜಗಳ ಆಡಲಿಲ್ಲ. ಹಬ್ಬಕ್ಕೆ ಬೀಸಿದ ಪುಡಿ ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ಅದನ್ನೇ ಕಲೆಸಿ ತನ್ನ ತೋಳಿನ ಒಳಬದಿಗೆ, ಚರ್ಮ ತೆಳುವಿರುವ ಕಡೆ, ಮೆತ್ತಿ ಕಟ್ಟಿಕೊಂಡಳು. ಬಿಚ್ಚಿದಾಗ ಒಳ್ಳೆಯ ಕೆಂಪು, ಒಂದು ಗುಳ್ಳೆಯೂ ಇಲ್ಲ. ಓಣಿಯವರೆಲ್ಲ ಸೇರುವ ಒಲೆಗೆ ರೊಟ್ಟಿ ಸುಡಲು ಹೋದಾಗ ಹೆಂಗಸರಿಗೆ ತೋರಿಸಿದಳು. ಅವರಲ್ಲಿ ಒಬ್ಬಳು, ನಿನ್ನದು ಒಂಟೆ ಚರ್ಮ ಖಾಲ್ತಿ, ಬಾಣಲೆ ಇಟ್ಟರೂ ಏನಾಗಲ್ಲ ಅಂದಳು. ಎಲ್ಲರೂ ನಕ್ಕರು. ಸಾಲ್ಹಾ ತೋಳು ಮುಚ್ಚಿಕೊಂಡು, ರೊಟ್ಟಿ ಎತ್ತಿಕೊಂಡು ಬಂದಳು.

ಆಮೇಲೆ ಅವಳು ಮನೆಮನೆಗೆ ಹೊರಟಳು. ಹಬ್ಬಕ್ಕೆ ಅವಳ ಹತ್ತಿರ ಬಂದ ಮಕ್ಕಳನ್ನೆಲ್ಲ ಒಮ್ಮೆ ನೋಡಬೇಕಂತೆ. ಒಬ್ಬಳೇ ಹೋದರೆ ಬಾಗಿಲು ತೆಗೆಯುವುದಿಲ್ಲ ಎಂದು ನನ್ನನ್ನು ಕರೆದಳು. ನಾನು ಜೊತೆಗಿದ್ದರೂ ಕೆಲವರು ತೆಗೆಯಲಿಲ್ಲ. ತೆಗೆದ ಕಡೆ ಕೆಲವು ಮಕ್ಕಳ ಕೈ ಚೊಕ್ಕವಾಗಿತ್ತು, ಬಣ್ಣ ಚೆನ್ನಾಗಿ ಹಿಡಿದಿತ್ತು. ಕೆಲವರ ಕೈಯಲ್ಲಿ ಬೊಕ್ಕೆ. ಅದರಿಂದ ಏನೂ ತೀರ್ಮಾನವಾಗುವ ಹಾಗಿರಲಿಲ್ಲ. ಸುಟ್ಟರೆ ಎಲ್ಲರನ್ನೂ ಸುಡಬೇಕಿತ್ತಲ್ಲ ಎಂದು ನಾನು ಅಂದೆ. ಅವಳು, ಒಬ್ಬೊಬ್ಬರ ಚರ್ಮ ಒಂದೊಂದು ಥರ ಅಂತಾರೆ, ಅಷ್ಟೇ ಅಂದಳು.

ಕಾಲುವೆಯ ಹತ್ತಿರದ ಮನೆ ಶಾಲೆಯ ಆಟದ ಮೇಷ್ಟ್ರು ಫತ್ಹಿಯದು. ಹೆಂಡತಿ ರೌದಾ. ಇಬ್ಬರು ಹೆಣ್ಣುಮಕ್ಕಳು, ಕೊನೆಯವನು ಅಯ್ಹಮ್ ಎಂಬ ಮೂರು ವರ್ಷದ ಗಂಡು. ಗಂಡುಹುಡುಗನಿಗೆ ಮದರಂಗಿ ಏಕೆ, ಅವನೇನು ಮದುಮಗಳಾ ಎಂದು ಫತ್ಹಿ ಪ್ರತಿ ಹಬ್ಬಕ್ಕೂ ತಕರಾರು ಮಾಡುವವನು. ಆ ಸಲವೂ ಬೇಡ ಅಂದಿದ್ದ. ಅಕ್ಕಂದಿರು ಹಚ್ಚಿಸಿಕೊಳ್ಳುವಾಗ ಹುಡುಗ ಚಾಪೆಯ ಮೇಲೆ ಸುಮ್ಮನೆ ಜೊತೆಗೆ ಕೂತಿದ್ದ.

ಹೆಣ್ಣುಮಕ್ಕಳ ಕೈ ನೋಡಿ ಆಯಿತು, ಏನಿರಲಿಲ್ಲ. ಹೊರಡುವಾಗ ಸಾಲ್ಹಾ ಹುಡುಗ ಎಲ್ಲಿ ಎಂದು ಕೇಳಿದಳು. ರೌದಾ ಮಲಗಿದ್ದಾನೆ ಅಂದಳು. ಒಳಗಿನಿಂದ ಅವನು ಕೊಸರುವ ದನಿ ಬರುತ್ತಿತ್ತು. ಕಡೆಗೆ ರೌದಾ, ಸೊಳ್ಳೆ ಕಚ್ಚಿದೆ ಖಾಲ್ತಿ, ದಡಾರ ಅಂತ ಊರೆಲ್ಲ ಸುದ್ದಿ ಮಾಡ್ತಾರೆ ಅಂತ ಯಾರಿಗೂ ತೋರಿಸಲಿಲ್ಲ ಅಂದಳು.

ಎತ್ತಿಕೊಂಡು ಬೆಳಕಿಗೆ ತಂದಳು. ಹುಡುಗನ ಅಂಗೈ ಬಿಳುಪು. ಮದರಂಗಿಯ ಕೆಂಪಿನಲ್ಲಿ ಕಾಣದೆ ಹೋದದ್ದು ಇಲ್ಲಿ ಬಿಡಿಸಿ ಇಟ್ಟ ಹಾಗೆ ಕಾಣಿಸಿತು. ಸುತ್ತ ಕೆಂಪು ಉಂಗುರ, ನಡುವೆ ಮಾಸಲು ನೀರು ತುಂಬಿದ ಉದ್ದನೆಯ ಬೊಕ್ಕೆ, ಬೆರಳುಗಳ ಬದಿಗೂ ಒಂದೊಂದು. ಅಂಗಾಲಲ್ಲೂ ಅದೇ. ಕೂರುವ ಜಾಗದಲ್ಲಿ ಕೆಂಪು ಚುಕ್ಕೆ. ಸಾಲ್ಹಾ ಅವನ ಗಲ್ಲ ಹಿಡಿದು ಬಾಯಿ ತೆರೆಸಿದಳು. ನಾಲಿಗೆಯ ಅಂಚಿನಲ್ಲಿ ಹುಣ್ಣು.

“ಇವನಿಗೆ ನಾನು ಮದರಂಗಿ ಮುಟ್ಟಿಸಿಲ್ಲ,” ಅಂದಳು ಸಾಲ್ಹಾ. ಅವಳ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. “ಎದ್ದೇಳು ರೌದಾ, ದಲೀಲಾ ಹತ್ರ ಹೋಗೋಣ.”

ದಲೀಲಾ ನಮ್ಮ ಊರಿನ ಚಿಕ್ಕ ಆಸ್ಪತ್ರೆಯ ನರ್ಸಮ್ಮ. ಡಾಕ್ಟರು ಎಲ್ಲ ದಿನ ಇರುವುದಿಲ್ಲ, ಅವಳು ಇರುತ್ತಾಳೆ. ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಯೊಳಗೆ ಟಾರ್ಚು ಬಿಟ್ಟಳು, ಕೈ ನೋಡಿದಳು, ಕಾಲು ನೋಡಿದಳು. ಇದು ಕೈಕಾಲುಬಾಯಿ ರೋಗ, ಎಳೇ ಮಕ್ಕಳಿಗೆ ಬರುವಂಥದ್ದು, ಈ ಬೇಸಿಗೆಯಲ್ಲಿ ಸ್ಫಾಕ್ಸ್‌ನಲ್ಲೂ ಬಹಳ ಇದೆಯಂತೆ ಅಂದಳು. ರೌದಾ ಗಾಬರಿಯಿಂದ, ಕುರಿಗಳಿಗೆ ಬರೋ ಕಾಲುಬಾಯಿ ಜ್ವರವಾ ಎಂದಳು. ಅವಳ ಮಾವನ ಮನೆಯಲ್ಲಿ ಕುರಿ ಇತ್ತು. ದಲೀಲಾ ನಕ್ಕು, ಹೆಸರಷ್ಟೇ ಹತ್ತಿರ, ನೆಂಟಸ್ತಿಕೆ ಇಲ್ಲ, ಕುರಿಯಿಂದ ಬರೋದೂ ಇಲ್ಲ, ಕುರಿಗೆ ಹೋಗೋದೂ ಇಲ್ಲ ಅಂದಳು.

ಆಮೇಲೆ ಗುರುತುಗಳನ್ನು ನಿಧಾನವಾಗಿ ಹೇಳಿದಳು. ಮೊದಲು ಸಣ್ಣ ಜ್ವರ, ಊಟ ಸೇರುವುದಿಲ್ಲ, ಗಂಟಲು ನೋವು. ಹೇಳಲು ಬಾರದ ಕೂಸಾದರೆ ಜೊಲ್ಲು ಸುರಿಸುತ್ತದೆ, ಮೊಲೆ ಹಿಡಿದು ಬಿಟ್ಟು ಅಳುತ್ತದೆ. ಒಂದೆರಡು ದಿನಕ್ಕೆ ಬಾಯಲ್ಲಿ ಹುಣ್ಣು, ಅದರ ಬೆನ್ನಿಗೆ ಅಂಗೈ ಅಂಗಾಲಿನಲ್ಲಿ ಬೊಕ್ಕೆ, ಕೆಲವರಿಗೆ ಕುಂಡೆಯ ಮೇಲೂ. ದಡಾರವಾದರೆ ಕೆಮ್ಮು, ನೆಗಡಿ, ಕಣ್ಣು ಕೆಂಪು, ಮುಖದಿಂದ ಶುರುವಾಗಿ ಮೈಗೆಲ್ಲ ಇಳಿಯುತ್ತದೆ. ನೀರುಸಿಡುಬಾದರೆ ಹೊಟ್ಟೆ ಬೆನ್ನ ಮೇಲೆ ಎದ್ದು ತುರಿಸುತ್ತದೆ. ಇದು ಹಾಗಲ್ಲ. ಇದಕ್ಕೆಂದೇ ಔಷಧಿಯಿಲ್ಲ, ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಜ್ವರಕ್ಕೆ ನಾವು ಕೊಡುವ ಔಷಧಿ ಸಾಕು. ತಣ್ಣನೆಯ ಹಾಲು, ನೀರು, ಗುಟುಕು ಗುಟುಕಾಗಿ. ನಿಂಬೆ, ಹರೀಸಾ ಖಾರ, ಬಿಸಿ ಬಿಸಿ ಯಾವುದೂ ಬೇಡ. ಬೊಕ್ಕೆ ಒಡೆಯಬಾರದು. ಕೆಲವು ವಾರ ಕಳೆದ ಮೇಲೆ ಒಂದೆರಡು ಉಗುರು ಕಳಚಬಹುದು, ಹೆದರಬೇಕಿಲ್ಲ, ಹೊಸದು ಬರುತ್ತದೆ. ಹೆದರಬೇಕಾದದ್ದು ಬೇರೆ. ಮಗು ಏನೂ ಕುಡಿಯದೆ ಉಚ್ಚೆ ನಿಂತರೆ, ಅತ್ತರೂ ಕಣ್ಣೀರು ಬರದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾದರೆ, ನಿದ್ದೆಯಲ್ಲಿ ಮೈ ಬೆಚ್ಚಿ ಬೆಚ್ಚಿ ಬೀಳುತ್ತಿದ್ದರೆ, ವಾಂತಿಯಾಗುತ್ತ ಜ್ವರ ಇಳಿಯದಿದ್ದರೆ, ಕಾಯದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು.

ಮದರಂಗಿಗೂ ಇದಕ್ಕೂ ಏನಾದರೂ ಸಂಬಂಧವಿದೆಯಾ ಎಂದು ನಾನು ಕೇಳಿದೆ. ಏನೇನೂ ಇಲ್ಲ ಅಂದಳು ದಲೀಲಾ. ಬಣ್ಣದ ಮೇಲೆ ಬೊಕ್ಕೆ ಎದ್ದರೆ ಸುಟ್ಟ ಹಾಗೆ ಕಾಣುತ್ತದೆ, ಅಷ್ಟೇ.

ಅಲ್ಲಿಗೆ ಸಾಲ್ಹಾಳ ಕೆಲಸ ಮುಗಿದಿತ್ತು. ರೌದಾ ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಸಾಲ್ಹಾ ಏಳಲಿಲ್ಲ. ಇದು ಒಂದು ಮಗುವಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೆ ಎಂದು ಕೇಳಿದಳು. ಜೊಲ್ಲಿನಿಂದ, ಸಿಂಬಳದಿಂದ, ಬೊಕ್ಕೆಯ ನೀರಿನಿಂದ, ಮಲದಿಂದ ಅಂದಳು ದಲೀಲಾ. ಕೂಸಿನ ಬಟ್ಟೆ ಬದಲಿಸಿದ ಕೈ ಸಾಬೂನಿನಲ್ಲಿ ತೊಳೆಯದೆ ಇನ್ನೊಂದು ಮಗುವನ್ನು ಮುಟ್ಟಿದರೂ ಸಾಕು.

ಸಾಲ್ಹಾ ಖರ್ಜೂರದ ಗಂಟಿನ ವಿಷಯ ಹೇಳಿದಳು.

“ಒಂದೇ ಗಂಟಾ ಖಾಲ್ತಿ? ಎಲ್ಲರಿಗೂ?”

“ಒಂದೇ. ಅಯ್ಹಮ್ ಕೂಡ ಬೇಕು ಅಂದ, ಅವನಿಗೂ ಕೊಟ್ಟೆ.”

ದಲೀಲಾ ಟಾರ್ಚನ್ನು ಮೇಜಿನ ಮೇಲಿಟ್ಟಳು. ಅವಳ ಮದುವೆಗೂ ಮದರಂಗಿ ಹಾಕಿದ್ದು ಸಾಲ್ಹಾಳೇ. ಮಕ್ಕಳು ಒಂದೇ ಚಾಪೆಯಲ್ಲಿ ಕೂತಿದ್ದರು, ಒಂದೇ ಹಣ್ಣು ಕಚ್ಚಿ ತಿಂದಿರುತ್ತಾರೆ, ಯಾವುದರಿಂದ ಎಂದು ಯಾರೂ ಆಣೆ ಇಟ್ಟು ಹೇಳೋಕಾಗಲ್ಲ ಅಂದಳು. ಆದರೆ ಅದೂ ಒಂದು ದಾರಿಯಾ ಎಂದು ಸಾಲ್ಹಾ ಮತ್ತೆ ಕೇಳಿದಳು. ದಾರಿಯೇ, ಸುಳ್ಳು ಹೇಳಲ್ಲ ಅಂದಳು ದಲೀಲಾ. ಮೊದಲು ಯಾರ ಮನೆಗೆ ಬಂತು ಎಂದು ಹುಡುಕೋಕೆ ಮಾತ್ರ ಹೋಗಬೇಡಿ, ಅದರಿಂದ ಯಾವ ಮಗುವಿಗೂ ವಾಸಿ ಆಗಲ್ಲ ಎಂದೂ ಸೇರಿಸಿದಳು.

ದಾರಿಯಲ್ಲಿ ರೌದಾ ಹೇಳಿದ್ದು ಇಷ್ಟು. ಮದರಂಗಿ ಸುಟ್ಟಿಲ್ಲ ಅನ್ನೋದಕ್ಕೆ ನನ್ನ ಮಗ ಇದ್ದಾನೆ, ಯಾರು ಬೇಕಾದರೂ ಬಂದು ಅವನ ಕೈ ನೋಡಲಿ. ಗಂಟಿನ ಮಾತು ನಮ್ಮಲ್ಲೇ ಇರಲಿ, ಅದನ್ನು ಯಾರೂ ಕೇಳಿಲ್ಲ. ಸಾಲ್ಹಾ ಮನೆಯ ಕಡೆ ತಿರುಗದೆ ನೇರ ವಸೀಲಾಳ ಬಾಗಿಲಿಗೆ ಹೋದಳು. ನಾನೂ ಹಿಂದೆ ಹೋದೆ.

ಇಯಾದ್‌ನನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಕಿಟಕಿ ಮುಚ್ಚಿತ್ತು. ತುಟಿ ಒಡೆದು ಹಕ್ಕಳೆ ಕಟ್ಟಿತ್ತು. ಅಜ್ಜಿ ಬಾಯಿಗೆ ಚಮಚ ತಂದರೆ ಅಳುವ ಹಾಗೆ ಮುಖ ಮಾಡುತ್ತಿದ್ದ, ಕಣ್ಣು ಒಣಗಿಯೇ ಇತ್ತು. ಬೆಳಗಿನಿಂದ ಬಟ್ಟೆ ಒದ್ದೆಯಾಗಿಲ್ಲ ಎಂದು ಮುನೀರಾ ಹೇಳಿದಳು. ಹೊಸ್ತಿಲಲ್ಲೇ ನಿಂತು ಸಾಲ್ಹಾ ನರ್ಸಮ್ಮ ಹೇಳಿದ್ದನ್ನೆಲ್ಲ ಹೇಳಿದಳು, ಒಂದೂ ಬಿಡದೆ, ಯಾವುದೂ ಸೇರಿಸದೆ. ಕಣ್ಣೀರಿನ ಮಾತನ್ನು ಎರಡು ಸಲ ಹೇಳಿದಳು.

ವಸೀಲಾ ಕೂತಲ್ಲಿಂದ ಕದಲಲಿಲ್ಲ. “ನಿನ್ನ ತಲೆ ಮೇಲಿನ ಗೂಬೆ ಇಳಿಸ್ಕೊಳ್ಳೋಕೆ ಬಂದ್ಯಾ? ಸುಡದೇ ಇದ್ರೆ ಬರೀ ಕೈಕಾಲಿಗೇ ಯಾಕೆ ಬಂತು? ದಲೀಲಾ ನಿನ್ನ ಕೈಲಿ ಮದರಂಗಿ ಹಾಕಿಸ್ಕೊಂಡೋಳು, ನೀನು ಹೇಳು ಅಂದಿದ್ದನ್ನ ಹೇಳ್ತಾಳೆ. ಅಯ್ಹಮ್‌ಗೆ ಹಾಕಿಲ್ಲ ಅಂತೀಯ, ಅವನಮ್ಮ ಕದ್ದು ಹಾಕಿಸಿಲ್ಲ ಅಂತ ನಾನು ಹೇಗೆ ನಂಬಲಿ?”

ಅವಳ ಮಾತಿನಲ್ಲಿ ನ್ಯಾಯವಿಲ್ಲ ಅನ್ನುವ ಹಾಗೂ ಇರಲಿಲ್ಲ. ತನ್ನ ಮೇಲಿನ ಆರೋಪ ಕಳೆದುಕೊಳ್ಳುವವರು ಹೇಳಿದ್ದನ್ನು ಯಾರು ನಂಬುತ್ತಾರೆ? ಸಾಲ್ಹಾ ಹೊಸ್ತಿಲ ಮೇಲೆ ಕೂತಳು.

“ವಸೀಲಾ, ಮದರಂಗಿ ಸುಡಲಿಲ್ಲ. ಆದ್ರೆ ಕಾಯಿಲೆ ನನ್ನ ಅಂಗಳದಿಂದಲೇ ನಿಮ್ಮನೆಗೆ ಬಂದಿರಬೇಕು. ಖರ್ಜೂರದ ಗಂಟು ಒಂದೇ ಇತ್ತು. ಒಂದು ಬಾಯಿಂದ ತೆಗೆದು ಇನ್ನೊಂದು ಬಾಯಿಗೆ ಇಟ್ಟೋಳು ನಾನು. ದಲೀಲಾ ತಾನಾಗಿ ಹೇಳಲಿಲ್ಲ, ನಾನೇ ಕೇಳಿ ತಿಳ್ಕೊಂಡೆ. ನಾಳೆ ನೀನು ಓಣೀಲಿ ನಿಂತು ಹೇಳು, ನಾನು ಇಲ್ಲ ಅನ್ನಲ್ಲ. ಮಗೂನ ಮಾತ್ರ ಈಗ್ಲೇ ಎತ್ಕೊಂಡು ಹೋಗು.”

ಒಳಗೆ ಮುನೀರಾ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಕಡೆಗೆ ವಸೀಲಾ ಕೇಳಿದ್ದು ಒಂದೇ.

“ಆ ಗಂಟು ಇಯಾದ್‌ಗಿಂತ ಮುಂಚೆ ಯಾರ ಬಾಯಲ್ಲಿತ್ತು?”

“ನೆನಪಿಲ್ಲ,” ಅಂದಳು ಸಾಲ್ಹಾ.

ನೆನಪಿತ್ತು. ನನಗೂ ನೆನಪಿತ್ತು. ಸ್ಫಾಕ್ಸ್‌ನ ಆ ಸೊಸೆಗೆ, ಜೊಲ್ಲು ಸುರಿಸುತ್ತಿದ್ದ ಕೂಸಿನ ತಾಯಿಗೆ, ಅತ್ತೆಯ ಮನೆಯಲ್ಲಿ ಮೊದಲೇ ಗೊಜ್ಜಿನ ಅಪವಾದ ಇತ್ತು. ಈಗ ವರ್ಷಗಳಾದವು, ಅವಳು ಮೂರು ಮಕ್ಕಳ ತಾಯಿ, ಅತ್ತೆಗೆ ಅಚ್ಚುಮೆಚ್ಚು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮಗುವನ್ನು ಎತ್ತಿಕೊಂಡು ಹೋದರು. ದಲೀಲಾ ನೋಡಿದವಳೇ ಗಾಬೆಸ್‌ನ ದೊಡ್ಡಾಸ್ಪತ್ರೆಗೆ ಕಳಿಸಿದಳು. ಅಲ್ಲಿ ಕೈಗೆ ಸೂಜಿ ಚುಚ್ಚಿ ನೀರು ಹತ್ತಿಸಿದರು. ಮಗು ಉಚ್ಚೆ ಹೊಯ್ದಾಗ ವಸೀಲಾ ತನ್ನ ಮಡಿಲು ಒದ್ದೆಯಾದದ್ದನ್ನು ಪಕ್ಕದ ಹಾಸಿಗೆಯವರಿಗೆಲ್ಲ ತೋರಿಸಿದಳಂತೆ. ಕೆಲವು ದಿನ ಇಟ್ಟುಕೊಂಡು ಕಳಿಸಿದರು. ಮಿಕ್ಕ ಮಕ್ಕಳು ಮನೆಯಲ್ಲೇ ಹಾಲು ನೀರಿನಲ್ಲಿ ಗುಣವಾದರು.

ವಸೀಲಾ ಓಣಿಯಲ್ಲಿ ನಿಂತು ಹೇಳಿಯೂ ಹೇಳಿದಳು. ಮದರಂಗಿಯದು ತಪ್ಪಿಲ್ಲ, ಗಂಟಿನದು ಅಂತ. ಕೇಳಿದವರಲ್ಲಿ ಅರ್ಧ ಜನ ಮದರಂಗಿಯ ಮಾತು ಕೇಳಿಸಿಕೊಂಡರು, ಅರ್ಧ ಜನ ಗಂಟಿನ ಮಾತು ಕೇಳಿಸಿಕೊಂಡರು. ಸಾಲ್ಹಾಳ ಬಾಗಿಲು ಆ ಬೇಸಿಗೆಯಲ್ಲಿ ಹೆಚ್ಚು ತೆರೆಯಲಿಲ್ಲ. ಆಮೇಲೆ ಇಯಾದ್‌ನ ಹೆಬ್ಬೆರಳಿನ ಉಗುರು ಬುಡದಿಂದ ಬಿಟ್ಟುಕೊಂಡಿತು. ರೊಟ್ಟಿ ಸುಡುವಲ್ಲಿ ಅದನ್ನು ಕಂಡು, ನೋಡಿ, ಉಗುರಿನವರೆಗೂ ಸುಟ್ಟಿದೆ ಎಂದು ಒಬ್ಬಳು ಶುರುಮಾಡಿದಳು. ವಸೀಲಾ ಅವಳನ್ನು ತಿರುಗಿ ನೋಡಿ, ಹೊಸ ಉಗುರು ಒಳಗೆ ಬರ್ತಿದೆ, ಕಣ್ಣಿದ್ದರೆ ನೋಡು, ಇಲ್ಲದಿದ್ದರೆ ದಲೀಲಾನ ಕೇಳು ಅಂದಳು.

ಮದುವೆ ಹತ್ತಿರ ಬಂದಾಗ ವಸೀಲಾ ತಾನೇ ಸಾಲ್ಹಾಳ ಮನೆಗೆ ಬಂದಳು. 

“ಮದುಮಗಳ ಕೈ ನಿಂದೇ. ನಿನ್ನ ಮದರಂಗಿ ಮೇಲೆ ನನಗೆ ಸಂಶಯ ಇಲ್ಲ. ಆದ್ರೆ ಮದುವೆಮನೆ ಮಕ್ಕಳನ್ನ ನಿನ್ನ ಮುಂದೆ ಕೂರಿಸಲ್ಲ. ಬೇಜಾರು ಮಾಡ್ಕೊಂಡ್ರೂ ಸರಿ.”

ಸಾಲ್ಹಾ ಎಲೆ ಆರಿಸುತ್ತಿದ್ದವಳು ತಲೆಯೆತ್ತದೆ, ಆಗಲಿ ಅಂದಳು. ಮುನೀರಾಳ ಕೈಗೆ ಅವಳು ಹಾಕಿದ ಬಣ್ಣ ಬೆಳಿಗ್ಗೆ ಬಿಚ್ಚಿದಾಗ ಬೆರಳ ಸಂದಿಯವರೆಗೂ ಒಂದೇ ಸಮನಾಗಿತ್ತು. ಮಕ್ಕಳಿಗೆ ಪೇಟೆಯ ಹುಡುಗಿಯೊಬ್ಬಳು ಬಂದು ಇನ್ನೊಂದು ಕೋಣೆಯಲ್ಲಿ ಹೂಬಳ್ಳಿ ಬಿಡಿಸಿದಳು.

ಈಗಲೂ ಹಬ್ಬದ ಹಿಂದಿನ ದಿನ ಸಾಲ್ಹಾ ಮಕ್ಕಳಿಗೆ ಹಾಕುತ್ತಾಳೆ. ಖರ್ಜೂರದ ಗಂಟು ಇಲ್ಲ, ಒಂದು ಸಲಕ್ಕೆ ಒಂದೇ ಮಗು. ಮೊದಲು ಕೈ, ಕಾಲು, ಬಾಯಿ ನೋಡುತ್ತಾಳೆ. ಮೈ ಬಿಸಿಯಿದ್ದರೆ, ಜೊಲ್ಲು ಹೆಚ್ಚಿದ್ದರೆ ದಲೀಲಾಗೆ ತೋರಿಸಿ ಬನ್ನಿ ಎಂದು ವಾಪಸು ಕಳಿಸುತ್ತಾಳೆ. ಹಲ್ಲಿನ ಜೊಲ್ಲು ಎಂದರೂ ಕೇಳುವುದಿಲ್ಲ. ಒಂದು ಮಗು ಎದ್ದ ಮೇಲೆ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು, ಒರೆಸಿಕೊಂಡು, ಹೊಸ ಬಟ್ಟಲಿಗೆ ಮದರಂಗಿ ಹಾಕಿಕೊಂಡು ಬರುತ್ತಾಳೆ. ತಾಯಂದಿರು ಬಾಗಿಲಲ್ಲಿ ನಿಂತು ಕಾಲು ಬದಲಿಸುತ್ತಾರೆ. ಅಡುಗೆ ಬಾಕಿ, ಮನೆ ಗುಡಿಸುವುದು ಬಾಕಿ. ಕೆಲವರು ಗೊಣಗುತ್ತ ಸೇತುವೆಯ ಹತ್ತಿರ ಕೊಳವೆ ಹಿಡಿದು ಕೂತ ಹುಡುಗಿಯರ ಕಡೆ ಹೋಗುತ್ತಾರೆ. ಮೊದಲು ಚಾಪೆ ತುಂಬುತ್ತಿದ್ದ ಅಂಗಳದಲ್ಲಿ ಸಂಜೆಯ ಹೊತ್ತಿಗೆ ಏಳೆಂಟು ಮಕ್ಕಳ ಕೈ ಮುಗಿದಿರುತ್ತದೆ. ನಾನು ಹರಿದಿಟ್ಟ ಪಟ್ಟಿ ಉಳಿಯುತ್ತದೆ.